ಗಿರಣಿಯೂರಿನ ರಾಬರ್ಟ್ ಓವೆನ್

ಸ್ಕಾಟ್ಲೆಂಡಿನ ದಕ್ಷಿಣಭಾಗದಲ್ಲಿ, ಲ್ಯಾನಾರ್ಕ್ ಎಂಬ ಹಳೆಯ ಪೇಟೆಯ ಕೆಳಗೆ, ಕ್ಲೈಡ್ ನದಿಯು ಬಂಡೆಯಿಂದ ಬಂಡೆಗೆ ಧುಮುಕುತ್ತ ಆಳವಾದ ಕಮರಿಯೊಂದನ್ನು ಹೊಕ್ಕು ಹರಿಯುತ್ತದೆ. 1785ರವರೆಗೆ ಆ ಕಮರಿಯಲ್ಲಿ ಊರೆಂಬುದಿರಲಿಲ್ಲ. ಗ್ಲಾಸ್ಗೋ ನಗರದ ವರ್ತಕನಾದ ಡೇವಿಡ್ ಡೇಲ್ ಎಂಬುವನು, ನೀರಿನ ಬಲದಿಂದ ನೂಲುವ ಯಂತ್ರವನ್ನು ಬಳಕೆಗೆ ತಂದ ರಿಚರ್ಡ್ ಆರ್ಕ್‌ರೈಟನೊಡನೆ ಆ ಸ್ಥಳವನ್ನು ಕಂಡು, ಈ ಜಲಧಾರೆ ಗಿರಣಿಗಾಗಿಯೇ ಹರಿಯುತ್ತಿದೆಯೆಂದು ನಿಶ್ಚಯಿಸಿಕೊಂಡನು. ಬಂಡೆಯನ್ನು ಕೊರೆದು ಕಾಲುವೆ ತೆಗೆಯಲಾಯಿತು. 1786ರಲ್ಲಿ ಕದಿರುಗಳು ತಿರುಗತೊಡಗಿದವು. ಅದೇ ನ್ಯೂ ಲ್ಯಾನಾರ್ಕ್. ಘಟಪ್ರಭೆಯ ಧುಮುಕಿನ ನೆತ್ತಿಯ ಮೇಲೆ ನಿಂತಿರುವ ಗೋಕಾಕದ ಗಿರಣಿಯನ್ನು ಕಂಡವರಿಗೆ ಈ ಚಿತ್ರವನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಗೋಕಾಕದ ಗಿರಣಿ ಅದಕ್ಕಿಂತ ಸುಮಾರು ಒಂದು ಶತಮಾನ ಕಿರಿಯದು, 1880ರ ದಶಕದ್ದು.

ನೀರು ಸಿಕ್ಕಿತು, ಕಲ್ಲು ಸಿಕ್ಕಿತು. ದುಡಿಯುವ ಕೈಗಳು ಮಾತ್ರ ಸಿಕ್ಕಲಿಲ್ಲ. ಸುತ್ತಣ ಹಳ್ಳಿಗಳ ಒಕ್ಕಲಿಗರು, ಗಂಟೆ ಬಾರಿಸಿದಾಗ ಒಳಹೊಕ್ಕು ಗಂಟೆ ಬಾರಿಸಿದಾಗ ಹೊರಬರುವ ಈ ಕಲ್ಲುಕಟ್ಟಡವನ್ನು ಸೆರೆಮನೆಯೆಂದೇ ಬಗೆದರು. ಆದುದರಿಂದ ಗಿರಣಿಯೂರು ಪರಸ್ಥಳದವರಿಂದ ತುಂಬಬೇಕಾಯಿತು. 1791ರಲ್ಲಿ, ಭೂಮಾಲಿಕರ ಕಾಟಕ್ಕೂ ಬಡತನಕ್ಕೂ ಬೇಸತ್ತು ಸ್ಕೈ ದ್ವೀಪವನ್ನು ಬಿಟ್ಟು ಅಮೆರಿಕಕ್ಕೆ ಹೊರಟಿದ್ದ ವಲಸೆಗಾರರ ಹಡಗೊಂದು ಬಿರುಗಾಳಿಗೆ ಸಿಕ್ಕಿ ಗ್ರೀನಕ್ ಬಂದರಿಗೆ ಮರಳಿತು. ಊರನ್ನು ಕಳೆದುಕೊಂಡು, ಹೊಸ ಊರನ್ನು ಸೇರದೆ, ಬಂದರಿನಲ್ಲಿ ದಿಕ್ಕುಗಾಣದೆ ನಿಂತಿದ್ದ ಆ ಜನರಿಗೆ ಡೇಲನು ಕೆಲಸವನ್ನೂ ಮನೆಯನ್ನೂ ಕೊಡುವೆನೆಂದು ಹೇಳಿಕಳುಹಿದನು. ಅವರಲ್ಲಿ ಹಲವರು ಅಮೆರಿಕದ ಆಸೆಯನ್ನು ತೊರೆದು ಕ್ಲೈಡ್ ನದಿಯ ದಂಡೆಗೆ ಬಂದರು. ಗೇಲಿಕ್ ಭಾಷೆಯನ್ನಾಡುವ ಆ ಮಲೆನಾಡಿಗರಿಗಾಗಿ ಪ್ರತ್ಯೇಕ ಮನೆಗಳ ಸಾಲುಗಳೇ ಏರ್ಪಟ್ಟವು. ಅದೂ ಸಾಲದೆ, ಎಡಿನ್‌ಬರೋ ಮತ್ತು ಗ್ಲಾಸ್ಗೋ ನಗರಗಳ ಅನಾಥಾಲಯಗಳಿಂದ ಐದಾರು ವರ್ಷದಿಂದ ಹತ್ತು ವರ್ಷದ ಮಕ್ಕಳನ್ನು ನೂರುಗಟ್ಟಲೆಯಾಗಿ ಕರೆತರಲಾಯಿತು.

ಡೇಲನು ಕ್ರೂರಿಯಲ್ಲ. ಧರ್ಮಭೀರು, ತನ್ನ ಪಂಥದ ಸಭೆಯಲ್ಲಿ ತಾನೇ ಪ್ರವಚನ ಹೇಳುತ್ತಿದ್ದವನು. ಆ ಮಕ್ಕಳಿಗೆ ಒಳ್ಳೆಯ ಊಟ, ಶುಭ್ರವಾದ ಬಟ್ಟೆ, ಗಾಳಿಯಾಡುವ ಮಲಗುಮನೆ, ರಾತ್ರಿಯ ಪಾಠ, ಎಲ್ಲವನ್ನೂ ಒದಗಿಸಿದನು. ಆದರೆ ಬೆಳಗಿನ 6ರಿಂದ ಸಂಜೆ 7ರವರೆಗೆ, ಊಟಕ್ಕೆ ಒಂದೂವರೆ ಗಂಟೆ ಬಿಟ್ಟರೆ ಉಳಿದೆಲ್ಲ ಹೊತ್ತು, ಯಂತ್ರದ ಮುಂದೆ ನಿಂತ ಏಳು ವರ್ಷದ ಕೂಸಿಗೆ ಆಮೇಲೆ ಅಕ್ಷರಗಳು ಹೇಗೆ ಕಾಣಬೇಕು? ಈ ಪ್ರಶ್ನೆಯನ್ನು ದಯಾಳುವಾದ ಡೇಲನು ಕೇಳಿಕೊಳ್ಳಲಿಲ್ಲ. ಕೇಳಿಕೊಂಡವನು ಅವನ ಅಳಿಯ.

ಆ ಅಳಿಯನೇ ರಾಬರ್ಟ್ ಓವೆನ್. ಇವನು ಸ್ಕಾಟ್ಲೆಂಡಿನವನೂ ಅಲ್ಲ. 1771ನೆಯ ಮೇ 14ರಂದು ವೇಲ್ಸ್ ಪ್ರಾಂತದ ನ್ಯೂಟೌನ್ ಎಂಬ ಚಿಕ್ಕ ಪೇಟೆಯಲ್ಲಿ ಜನಿಸಿದನು. ತಂದೆ ಕುದುರೆಯ ಜೀನು ಹೊಲಿಯುತ್ತ, ಕಬ್ಬಿಣದ ಸಾಮಾನು ಮಾರುತ್ತ, ಊರಿನ ಟಪಾಲನ್ನೂ ನೋಡಿಕೊಳ್ಳುತ್ತಿದ್ದನು. ತಾಯಿ ಒಕ್ಕಲುಮನೆಯ ಮಗಳು. ಏಳು ಮಕ್ಕಳಲ್ಲಿ ರಾಬರ್ಟನು ಆರನೆಯವನು. ಶಾಲೆಗೆ ಎಲ್ಲರಿಗಿಂತ ಮೊದಲು ತಲುಪಬೇಕೆಂಬ ಹಟ ಅವನಿಗೆ. ಒಂದು ಬೆಳಿಗ್ಗೆ ಆ ಆತುರದಲ್ಲಿ ಕುದಿಯುವ ಅಂಬಲಿಯನ್ನು ಗಟಗಟನೆ ನುಂಗಿ ಹೊಟ್ಟೆಯನ್ನು ಸುಟ್ಟುಕೊಂಡನು. ಅಂದಿನಿಂದ ಜೀವಮಾನವಿಡೀ ಮಿತವಾಗಿ, ನೋಡಿ ನೋಡಿ ಉಣ್ಣಬೇಕಾಯಿತು. ಯಾವ ಆಹಾರ ತನಗೆ ಏನು ಮಾಡುತ್ತದೆಂದು ಪರೀಕ್ಷಿಸುವ ಈ ಅಭ್ಯಾಸವೇ ತನಗೆ ಸೂಕ್ಷ್ಮಾವಲೋಕನವನ್ನು ಕಲಿಸಿತೆಂದು ಅವನು ಮುಪ್ಪಿನಲ್ಲಿ ಬರೆದಿಟ್ಟನು. ಏಳನೆಯ ವಯಸ್ಸಿಗೆ ಗುರುಗಳು ಕಲಿಸಬಲ್ಲುದನ್ನೆಲ್ಲ ಕಲಿತು ಮುಗಿಸಿ, ಅದೇ ಶಾಲೆಯಲ್ಲಿ ಕಿರಿಯರಿಗೆ ಪಾಠ ಹೇಳುವ ಸಹಾಯಕನಾದನು. ಹತ್ತು ವರ್ಷ ತುಂಬಿದಾಗ ಮನೆಯನ್ನು ಬಿಟ್ಟನು. ಲಂಡನ್ನಿನಲ್ಲಿ ಅಣ್ಣನ ಬಳಿ ಸ್ವಲ್ಪ ಕಾಲವಿದ್ದು, ಸ್ಟ್ಯಾಮ್‌ಫರ್ಡ್ ಎಂಬಲ್ಲಿ ಮೆಕ್‌ಗಫಾಗ್ ಎಂಬ ಜವಳಿ ವ್ಯಾಪಾರಿಯ ಅಂಗಡಿಯಲ್ಲಿ ಕೆಲಸ ಕಲಿತನು. ನಯವಾದ ಬಟ್ಟೆಯ ಗುಣದೋಷಗಳನ್ನು ಬೆರಳತುದಿಯಿಂದ ಅಳೆಯುವ ವಿದ್ಯೆ ಅಲ್ಲಿ ದೊರೆಯಿತು. ಯಜಮಾನನ ಮನೆಯ ಪುಸ್ತಕಗಳೂ ದೊರೆತವು.

ಅಲ್ಲಿಂದ ಲಂಡನ್, ಲಂಡನ್ನಿನಿಂದ ಮ್ಯಾಂಚೆಸ್ಟರ್. ಆಗಿನ ಮ್ಯಾಂಚೆಸ್ಟರ್ ಹತ್ತಿಯ ಹುಚ್ಚು ಹಿಡಿದ ಪಟ್ಟಣ. ಹದಿನೆಂಟು ಹತ್ತೊಂಬತ್ತರ ಹುಡುಗನು ಅಣ್ಣನಿಂದ ನೂರು ಪೌಂಡು ಸಾಲ ತಂದು, ಪಾಲುದಾರನೊಬ್ಬನೊಡನೆ ನೂಲುವ ಯಂತ್ರಗಳನ್ನು ಕಟ್ಟುವ ಉದ್ಯೋಗಕ್ಕೆ ಕೈಹಾಕಿದನು. ಬಹುಬೇಗ ಆ ಪಾಲು ಮುರಿದು ಮೂರು ಯಂತ್ರಗಳೊಡನೆ ಒಂಟಿಯಾಗಿ ನೂಲತೊಡಗಿದನು. ಡ್ರಿಂಕ್‌ವಾಟರ್ ಎಂಬ ಶ್ರೀಮಂತನ ಗಿರಣಿಗೆ ವ್ಯವಸ್ಥಾಪಕನು ಬೇಕೆಂಬ ಪ್ರಕಟಣೆಯನ್ನು ಕಂಡು ಹೋಗಿ ನಿಂತಾಗ ಅವನ ವಯಸ್ಸು ಇಪ್ಪತ್ತು. ವರ್ಷಕ್ಕೆ 300 ಪೌಂಡು ಸಂಬಳವನ್ನು ಕೇಳಿದನು. ಬೆಳಗಿನಿಂದ ಬಂದ ಹಿರಿಯರೆಲ್ಲ ಸೇರಿ ಕೇಳಿದುದೂ ಅಷ್ಟಾಗಲಿಲ್ಲವೆಂದು ಡ್ರಿಂಕ್‌ವಾಟರನು ಬೆರಗಾದನು. ಹುಡುಗನು ತನ್ನ ಲೆಕ್ಕದ ಪುಸ್ತಕವನ್ನು ತೋರಿಸಿದನು, ಕೆಲಸ ಸಿಕ್ಕಿತು. ಐನೂರು ಜನ ದುಡಿಯುವ ಆ ಗಿರಣಿಯಲ್ಲಿ ಮೊದಲ ಆರು ವಾರ ಅವನು ಯಾರಿಗೂ ಒಂದು ಅಪ್ಪಣೆಯನ್ನೂ ಕೊಡಲಿಲ್ಲ. ಎಲ್ಲರಿಗಿಂತ ಮೊದಲು ಬಂದು, ಎಲ್ಲರ ನಂತರ ಹೋಗುತ್ತ, ಕೇಳಿದ್ದಕ್ಕೆ ಹೌದು ಅಲ್ಲವೆಂದಷ್ಟೇ ಉತ್ತರಿಸುತ್ತ, ನೋಡಿದನು. ಆಮೇಲೆ ಆಳತೊಡಗಿದನು. ಮ್ಯಾಂಚೆಸ್ಟರಿನ ವಿದ್ವತ್ಸಭೆಯು 1793ರಲ್ಲಿ ಅವನನ್ನು ಸದಸ್ಯನನ್ನಾಗಿ ಸೇರಿಸಿಕೊಂಡಿತು. ಗಿರಣಿಯ ಮಕ್ಕಳ ಜ್ವರ, ಕೆಮ್ಮುಗಳ ವಿಚಾರವನ್ನು ವೈದ್ಯರ ಬಾಯಿಂದ ಅವನು ಕೇಳಿದುದು ಆ ದಿನಗಳಲ್ಲಿಯೇ.

ವ್ಯಾಪಾರದ ನಿಮಿತ್ತ ಗ್ಲಾಸ್ಗೋ ನಗರಕ್ಕೆ ಹೋದಾಗ ಡೇಲನ ಹಿರಿಯ ಮಗಳಾದ ಕ್ಯಾರೊಲೈನಳ ಪರಿಚಯವಾಯಿತು. ಹೆಣ್ಣನ್ನು ಕೇಳುವ ಧೈರ್ಯ ಸಾಲದೆ, ಗಿರಣಿಯನ್ನು ಕೊಳ್ಳುವ ನೆಪದಿಂದ ಅವಳ ತಂದೆಯ ಬಾಗಿಲಿಗೆ ಹೋದನೆಂಬುದು ಅವನೇ ನಗುತ್ತ ಬರೆದುಕೊಂಡ ಸಂಗತಿ. ಫಲವಾಗಿ ಎರಡೂ ದೊರೆತವು. 1799ರಲ್ಲಿ ಓವೆನ್ ಮತ್ತು ಅವನ ಪಾಲುದಾರರು 60,000 ಪೌಂಡಿಗೆ, ಇಪ್ಪತ್ತು ವರ್ಷಗಳ ಕಂತಿನಲ್ಲಿ, ನ್ಯೂ ಲ್ಯಾನಾರ್ಕನ್ನು ಕೊಂಡರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ವಿವಾಹವೂ ನಡೆಯಿತು. 1800ನೆಯ ಜನವರಿ 1ರಂದು ಓವೆನ್ ಗಿರಣಿಯ ಆಡಳಿತವನ್ನು ವಹಿಸಿಕೊಂಡನು. ಆಗ ಅವನಿಗೆ ಇಪ್ಪತ್ತೆಂಟು ವರ್ಷ.

ಅವನು ಕಂಡ ಊರು ಹೇಗಿತ್ತು? ಬೇರೆ ಬೇರೆ ಕಡೆಯಿಂದ ಕಿತ್ತು ತಂದು ನೆಟ್ಟ ಜನ. ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ. ಬಾಗಿಲ ಮುಂದೆಯೇ ತಿಪ್ಪೆ. ಕುಡಿತ ಸಾಮಾನ್ಯ, ಕಳವು ಅದಕ್ಕಿಂತ ಸಾಮಾನ್ಯ. ಮಲೆನಾಡಿನವರಿಗೂ ಬಯಲಿನವರಿಗೂ ಭಾಷೆಯ ಜಗಳ, ಪಂಥ ಪಂಥಗಳ ನಡುವೆ ಧರ್ಮದ ಜಗಳ. ಇವರೆಲ್ಲರೂ ಒಮ್ಮತಕ್ಕೆ ಬಂದ ವಿಷಯ ಒಂದೇ: ಹೊಸ ಯಜಮಾನನು ಪರದೇಶಿ, ಅವನನ್ನು ನಂಬತಕ್ಕದ್ದಲ್ಲ. ಅವನ ನುಡಿಯ ಧಾಟಿಯೂ ಅವರಿಗೆ ಹೊಸದು. ವಲಸೆ ಬಂದವರ ಊರಿನಲ್ಲಿ ಅತ್ಯಂತ ಹೊಸ ವಲಸೆಗಾರನು ಆ ಊರಿನ ಒಡೆಯನೇ ಆಗಿದ್ದನು!

ಓವೆನ್ ದಂಡನೆಯಿಂದ ಪ್ರಾರಂಭಿಸಲಿಲ್ಲ. ಮನುಷ್ಯನ ಗುಣವು ಅವನೇ ಮಾಡಿಕೊಂಡದ್ದಲ್ಲ, ಅವನ ಸುತ್ತಣ ಪರಿಸರವು ಅವನಿಗೆ ಮಾಡಿಕೊಟ್ಟದ್ದು ಎಂಬುದು ಅವನ ಸಿದ್ಧಾಂತ. ಆದುದರಿಂದ ಕಳ್ಳನನ್ನು ಹಿಡಿದು ಹೊಡೆಯುವುದಕ್ಕಿಂತ ಕಳವಿಗೆ ಅವಕಾಶವಿಲ್ಲದಂತೆ ಲೆಕ್ಕವಿಡುವುದು ಲೇಸೆಂದು ಬಗೆದನು. ತಿಪ್ಪೆಗಳನ್ನು ಎತ್ತಿಸಿ, ಬೀದಿಗಳನ್ನು ಗುಡಿಸಿ, ಮನೆಗಳಿಗೆ ಮಾಳಿಗೆ ಏರಿಸಿದನು. ಊರಿನ ಅಂಗಡಿಕಾರರು ಕಲಬೆರಕೆಯ ಸಾಮಾನನ್ನು ಸಾಲದ ಮೇಲೆ ದುಬಾರಿಗೆ ಮಾರುತ್ತಿದ್ದುದನ್ನು ತಪ್ಪಿಸಿ ತಾನೇ ಅಂಗಡಿ ತೆರೆದನು. ಸಗಟಿನಲ್ಲಿ ಕೊಂಡ ಒಳ್ಳೆಯ ಪದಾರ್ಥವನ್ನು ಅಸಲಿಗೆ ಸ್ವಲ್ಪ ಮಾತ್ರ ಸೇರಿಸಿ ಮಾರಿದುದರಿಂದ ಒಂದೊಂದು ಸಂಸಾರಕ್ಕೂ ಖರ್ಚಿನಲ್ಲಿ ಕಾಲುಭಾಗದಷ್ಟು ಉಳಿತಾಯವಾಯಿತು. ಕೂಲಿಯ ಅರವತ್ತನೆಯ ಒಂದು ಭಾಗವನ್ನು ಕೂಡಿಸಿ ರೋಗಿಗಳ ನಿಧಿಯನ್ನು ಏರ್ಪಡಿಸಿದನು. ಹತ್ತು ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಸೇರಿಸುವುದನ್ನು ನಿಲ್ಲಿಸಿದನು. ಅನಾಥಾಲಯಗಳಿಂದ ಹೊಸ ಮಕ್ಕಳನ್ನು ತರಿಸುವುದನ್ನೂ ನಿಲ್ಲಿಸಿದನು.

ಅವನ ಕ್ರಮಗಳೆಲ್ಲ ಇಂದಿನವರಿಗೆ ರುಚಿಸುವಂಥವಲ್ಲ. ಪ್ರತಿಯೊಬ್ಬ ಕೆಲಸಗಾರನ ಬಳಿ ನಾಲ್ಕು ಮುಖದ ಚಿಕ್ಕ ಮರದ ತುಂಡೊಂದು ತೂಗುತ್ತಿತ್ತು. ಒಂದು ಮುಖ ಕಪ್ಪು, ಒಂದು ನೀಲಿ, ಒಂದು ಹಳದಿ, ಒಂದು ಬಿಳಿ. ಹಿಂದಿನ ದಿನದ ನಡತೆ ಕೆಟ್ಟದಾಗಿದ್ದರೆ ಕಪ್ಪು ಮುಂದಕ್ಕೆ, ಅತ್ಯುತ್ತಮವಾಗಿದ್ದರೆ ಬಿಳಿ. ದಿನದಿನದ ಬಣ್ಣ ಪುಸ್ತಕದಲ್ಲಿ ದಾಖಲಾಗುತ್ತಿತ್ತು. ಓವೆನ್ ಸಾಲುಗಳ ನಡುವೆ ನಡೆದುಹೋಗುವಾಗ ಬಾಯಿ ತೆರೆಯುತ್ತಿರಲಿಲ್ಲ, ಮೊದಲು ಜನರನ್ನು ನೋಡಿ ಆಮೇಲೆ ಬಣ್ಣವನ್ನು ನೋಡುತ್ತಿದ್ದನು, ಅಷ್ಟೆ. ಬೈಗುಳವಿಲ್ಲ, ಪೆಟ್ಟಿಲ್ಲ. ವರುಷಗಳು ಕಳೆದಂತೆ ಕಪ್ಪು ನೀಲಿಗೆ, ನೀಲಿ ಹಳದಿಗೆ, ಹಳದಿ ಬಿಳಿಗೆ ತಿರುಗಿತೆಂದು ಅವನು ಹೆಮ್ಮೆಪಡುತ್ತಿದ್ದನು. ತನ್ನ ಮೇಲ್ವಿಚಾರಕನ ತೀರ್ಪು ಸರಿಯಲ್ಲವೆನಿಸಿದವನು ಓವೆನ್ನನಿಗೇ ದೂರು ಕೊಡಬಹುದಾಗಿತ್ತು. ಆದರೂ ಪ್ರಾಯಕ್ಕೆ ಬಂದ ಗಂಡಸು ಹೆಂಗಸರ ಹಣೆಬರಹವನ್ನು ಮರದ ತುಂಡಿನ ಮೇಲೆ ತೂಗುಹಾಕುವುದು, ಹೆತ್ತ ತಾಯ್ತಂದೆಯರನ್ನು ಶಾಲೆಯ ಮಕ್ಕಳಂತೆ ಕಾಣುವುದೇ ಸರಿ. ಈ ದೋಷ ಅವನನ್ನು ಕೊನೆಯವರೆಗೂ ಬಿಡಲಿಲ್ಲ.

ಜನರ ಮನಸ್ಸು ಕರಗಿದುದು ಬೇರೆ ಕಾರಣದಿಂದ. 1806-07ರ ಸುಮಾರಿಗೆ ಇಂಗ್ಲೆಂಡಿಗೂ ಅಮೆರಿಕಕ್ಕೂ ವಿರಸ ಬೆಳೆದು ಅರಳೆಯ ಸರಬರಾಜಿಗೆ ತಡೆ ಬಂತು, ಬೆಲೆ ಗಗನಕ್ಕೇರಿತು. ಗಿರಣಿಕಾರರು ಬಾಗಿಲು ಹಾಕಿ ಜನರನ್ನು ಬೀದಿಗೆ ಬಿಟ್ಟರು. ಓವೆನ್ನನೂ ಯಂತ್ರಗಳನ್ನು ನಿಲ್ಲಿಸಿದನು. ಆದರೆ ನಾಲ್ಕು ತಿಂಗಳ ಕಾಲ, ಯಂತ್ರಗಳನ್ನು ಒರೆಸಿ ಎಣ್ಣೆಹಾಕಿ ಇಡುವುದಷ್ಟನ್ನೇ ಕೆಲಸವೆಂದು ಎಣಿಸಿ, ಒಂದು ಪೆನ್ನಿಯನ್ನೂ ಮುರಿಯದೆ ಪೂರ್ತಿ ಕೂಲಿಯನ್ನು ಕೊಟ್ಟನು. ಅದಕ್ಕಾಗಿ 7,000 ಪೌಂಡು ಖರ್ಚಾಯಿತು. ಆರು ವರ್ಷ ಅವನು ಆಡಿದ ಮಾತುಗಳಿಂದ ಆಗದ ಕಾರ್ಯ ಆ ನಾಲ್ಕು ತಿಂಗಳಲ್ಲಿ ಆಯಿತು. ಇಲ್ಲಿ ಇನ್ನೊಂದು ಮಾತನ್ನೂ ಹೇಳದೆ ಬಿಡಲಾಗದು. ಆ ಅರಳೆಯನ್ನು ಬಿಡಿಸುತ್ತಿದ್ದವರು ಅಮೆರಿಕದ ದಕ್ಷಿಣ ಪ್ರಾಂತಗಳ ನೀಗ್ರೋ ಗುಲಾಮರು. ನ್ಯೂ ಲ್ಯಾನಾರ್ಕಿನ ಕೂಸಿಗೆ ದೊರೆತ ಕರುಣೆ ಆ ಹೊಲಗಳ ಕೂಸನ್ನು ಮುಟ್ಟಲಿಲ್ಲ.

ಪಾಲುದಾರರಿಗೆ ಈ ಔದಾರ್ಯ ಹಿಡಿಸಲಿಲ್ಲ. ಲಾಭ ಬರುತ್ತಿರಲಿಲ್ಲವೆಂದಲ್ಲ, ಬರುತ್ತಿದ್ದ ಲಾಭದಿಂದ ಶಾಲೆಯ ಕಟ್ಟಡವೇಳುವುದು ಅವರಿಗೆ ಬೇಡವಾಗಿತ್ತು. ಮೊದಲ ಪಾಲುದಾರರು ಹೋಗಿ ಎರಡನೆಯವರು ಬಂದರು. ಅವರು ಇನ್ನೂ ಬಿಗಿಮುಷ್ಟಿಯವರು. 1813ರ ಡಿಸೆಂಬರಿನ ಕೊನೆಯಲ್ಲಿ ಗ್ಲಾಸ್ಗೋ ನಗರದಲ್ಲಿ ಗಿರಣಿಯನ್ನು ಲಿಲಾವಿಗೆ ಹಾಕಿಸಿದರು. ಓವೆನ್ ದಿವಾಳಿಯೆದ್ದಿದ್ದಾನೆ, ಗಿರಣಿಗೆ ಬೆಲೆಯಿಲ್ಲ ಎಂದು ಸುದ್ದಿ ಹಬ್ಬಿಸಿ ತಾವೇ ಅಗ್ಗಕ್ಕೆ ಹಿಡಿಯಬೇಕೆಂಬುದು ಅವರ ಹಂಚಿಕೆ. ಆದರೆ ಓವೆನ್ ಅಷ್ಟರಲ್ಲಿ ಲಂಡನ್ನಿಗೆ ಹೋಗಿ, ಬಂಡವಾಳದ ಮೇಲೆ ನೂರಕ್ಕೆ ಐದರಷ್ಟು ಬಡ್ಡಿ ಬಂದರೆ ಸಾಕು, ಉಳಿದುದು ಜನರ ಶಿಕ್ಷಣಕ್ಕಾಗಲಿ ಎನ್ನುವ ಕೆಲವರನ್ನು ಕೂಡಿಸಿಕೊಂಡಿದ್ದನು. ಕ್ವೇಕರ್ ಪಂಥದ ವಿಲಿಯಂ ಆಲೆನ್, ತತ್ತ್ವಜ್ಞನಾದ ಜೆರೆಮಿ ಬೆಂಥಾಮ್ ಅವರಲ್ಲಿದ್ದರು. ಕೂಗು ಏರುತ್ತ ಏರುತ್ತ 1,14,000 ಪೌಂಡನ್ನು ಮುಟ್ಟಿತು; ಅದರ ಮೇಲೆ ನೂರು ಪೌಂಡು ಹೆಚ್ಚಿಗೆ ಕೂಗಿ ಓವೆನ್ನನ ಪಕ್ಷದವರು ಗೆದ್ದರು. ಸುದ್ದಿ ಮುಟ್ಟಿದ ರಾತ್ರಿ ನ್ಯೂ ಲ್ಯಾನಾರ್ಕಿನ ಕಿಟಕಿಗಳಲ್ಲೆಲ್ಲ ದೀಪ ಬೆಳಗಿದವು. ಅವನು ಊರಿಗೆ ಮರಳಿದಾಗ ಜನರು ಗಾಡಿಯ ಕುದುರೆಗಳನ್ನು ಬಿಚ್ಚಿ ತಾವೇ ನೊಗಕ್ಕೆ ಕೈಕೊಟ್ಟು ಎಳೆದು ತಂದರು. ಹದಿಮೂರು ವರ್ಷಗಳ ಹಿಂದೆ ಪರದೇಶಿಯೆಂದು ಮುಖ ತಿರುಗಿಸಿದ್ದವರು ಇವರೇ.

1816ನೆಯ ಜನವರಿ 1ರಂದು ಅವನ ಬಹುದಿನದ ಕನಸಾದ ವಿದ್ಯಾಮಂದಿರದ ಬಾಗಿಲು ತೆರೆಯಿತು. ಶೀಲವನ್ನು ರೂಪಿಸುವ ಸಂಸ್ಥೆಯೆಂದು ಅದಕ್ಕೆ ಹೆಸರಿಟ್ಟನು. ಹಗಲು ಮಕ್ಕಳಿಗೆ, ರಾತ್ರಿ ದುಡಿದು ಬಂದ ತರುಣರಿಗೂ ಹಿರಿಯರಿಗೂ. ಧರ್ಮದ ಕೂಳೆಂಬ ಭಾವನೆ ಬಾರದಿರಲೆಂದು ಮಗುವೊಂದಕ್ಕೆ ತಿಂಗಳಿಗೆ 3 ಪೆನ್ನಿ ಶುಲ್ಕ. ಉಳಿದ ವೆಚ್ಚಕ್ಕೆ ಊರಿನ ಅಂಗಡಿಯ ಲಾಭ.

ಇಲ್ಲಿಯ ಶಿಶುಶಾಲೆ ಶಿಕ್ಷಣದ ಇತಿಹಾಸದಲ್ಲಿ ವಿಶೇಷ ಗಮನಕ್ಕೆ ಅರ್ಹವಾದುದು. ನಡೆಯಲು ಬಂದ ಕೂಸನ್ನೆಲ್ಲ ಇಲ್ಲಿ ಸೇರಿಸಿಕೊಳ್ಳುತ್ತಿದ್ದರು. ಇದಕ್ಕೆ ಗುರುವಾಗಿ ಓವೆನ್ ಆರಿಸಿದುದು ಪಂಡಿತನನ್ನಲ್ಲ. ಜೇಮ್ಸ್ ಬುಕಾನನ್ ಎಂಬ ಬಡ ನೇಕಾರನನ್ನು. ಓದು ಬರಹ ಅವನಿಗೆ ಅಷ್ಟಕ್ಕಷ್ಟೆ. ಆದರೆ ಮಕ್ಕಳ ಮೇಲೆ ಅಪಾರ ಅಕ್ಕರೆ, ಎಂದೂ ಬತ್ತದ ತಾಳ್ಮೆ. ಜೊತೆಗೆ ಮಾಲಿ ಯಂಗ್ ಎಂಬ ಹದಿನೇಳು ವರ್ಷದ ಗಿರಣಿಯ ಹುಡುಗಿ. ಇಬ್ಬರಿಗೂ ಕೊಟ್ಟ ಕಟ್ಟಪ್ಪಣೆ ಇಷ್ಟು: ಯಾವ ಮಗುವನ್ನೂ ಹೊಡೆಯಕೂಡದು, ಬೈಯಕೂಡದು, ಬೆದರಿಸಕೂಡದು, ಪುಸ್ತಕವನ್ನು ಮುಂದೆ ಹಿಡಿದು ಪೀಡಿಸಕೂಡದು, ಮಗು ಕೇಳಿದ ಪ್ರಶ್ನೆಗೆ ಪ್ರೀತಿಯಿಂದ ಉತ್ತರಿಸಬೇಕು, ಜೊತೆಯವರನ್ನು ಸಂತೋಷಪಡಿಸುವುದೇ ತನ್ನ ಸಂತೋಷವೆಂಬುದನ್ನು ಪ್ರತಿಯೊಂದು ಮಗುವೂ ಕಲಿಯಬೇಕು. ಬೆತ್ತವಿಲ್ಲದ ಶಾಲೆಯು ಆ ಕಾಲದ ಯೂರೋಪಿನಲ್ಲಿ ಬಹು ಅಪರೂಪವಾಗಿತ್ತೆಂಬುದನ್ನು ನೆನೆದರೆ ಈ ಅಪ್ಪಣೆಯ ತೂಕ ತಿಳಿಯುತ್ತದೆ. ನಮ್ಮ ಹಳೆಯ ಸಾಲಿಮಠಗಳ ಕೋದಂಡವನ್ನು ಕೇಳಿಬಲ್ಲವರಿಗೆ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಗೋಡೆಗಳ ಮೇಲೆ ಪ್ರಾಣಿಗಳ ದೊಡ್ಡ ದೊಡ್ಡ ವರ್ಣಚಿತ್ರಗಳು, ಭೂಪಟಗಳು. ತೋಟದಿಂದಲೂ ಕಾಡಿನಿಂದಲೂ ತಂದ ಗಿಡ, ಕಲ್ಲು, ಚಿಪ್ಪುಗಳೇ ಪಾಠದ ಸಾಮಗ್ರಿ. ಮಗುವಿನ ಕುತೂಹಲ ಕೆರಳಿದ ಮೇಲೆ ಮಾತು, ಮಾತಾದ ಮೇಲೆ ಅಕ್ಷರ. ಬಿಳಿಯ ಹತ್ತಿಬಟ್ಟೆಯ ಸಡಿಲವಾದ ಅಂಗಿಗಳನ್ನು ತೊಟ್ಟ ಹುಡುಗರೂ ಹುಡುಗಿಯರೂ ಒಟ್ಟಿಗೆ ಹಾಡುತ್ತಿದ್ದರು, ಕುಣಿಯುತ್ತಿದ್ದರು, ಬಯಲಿನಲ್ಲಿ ಆಡುತ್ತಿದ್ದರು. ಭೂಗೋಳದ ಪಾಠವೂ ಆಟವೇ: ನಕ್ಷೆಯ ಮೇಲೆ ಒಬ್ಬನು ಕೋಲಿಟ್ಟು ತೋರಿಸಿದ ಸ್ಥಳವನ್ನು ಇತರರು ಹೆಸರಿಸಬೇಕು. ಈ ಸೋಜಿಗವನ್ನು ಕಾಣಲು 1815ರಿಂದ 1825ರವರೆಗಿನ ಹತ್ತು ವರ್ಷಗಳಲ್ಲಿ ಸುಮಾರು ಇಪ್ಪತ್ತು ಸಾವಿರ ಜನ ಬಂದುಹೋದರು. ಮುಂದೆ ರಷ್ಯದ ಚಕ್ರವರ್ತಿಯಾದ ನಿಕೊಲಸನೂ 1816ರಲ್ಲಿ ಬಂದು ನೋಡಿದವರಲ್ಲಿ ಒಬ್ಬನು. ಬುಕಾನನ್ನನನ್ನು ಲಂಡನ್ನಿನ ಹಿತೈಷಿಗಳು ಕರೆಸಿಕೊಂಡು ಅಲ್ಲಿಯೂ ಶಿಶುಶಾಲೆಯನ್ನು ತೆರೆಯಿಸಿದರು.

ತನ್ನ ಊರಿನಲ್ಲಿ ಆದುದು ದೇಶದಲ್ಲೆಲ್ಲ ಆಗಬೇಕೆಂದು ಓವೆನ್ ಸಂಸತ್ತಿನ ಬಾಗಿಲನ್ನು ಬಡಿದನು. ಹತ್ತು ವರ್ಷದೊಳಗಿನ ಮಕ್ಕಳಿಗೆ ಗಿರಣಿಯ ಕೆಲಸ ಕೂಡದು, ಅದಕ್ಕೆ ಮೇಲ್ಪಟ್ಟ ಎಳೆಯರಿಗೆ ದಿನಕ್ಕೆ ಹತ್ತೂವರೆ ಗಂಟೆ ಮೀರಕೂಡದು, ನೋಡಿಕೊಳ್ಳಲು ಸಂಬಳದ ತನಿಖೆಗಾರರಿರಬೇಕು ಎಂಬುದು ಅವನ ಕೋರಿಕೆ. ಹಿರಿಯ ರಾಬರ್ಟ್ ಪೀಲನು, ತಾನೂ ಗಿರಣಿಕಾರನಾಗಿದ್ದರೂ, 1815ರಲ್ಲಿ ಮಸೂದೆಯನ್ನು ಮಂಡಿಸಿದನು. ವಿಚಾರಣೆಯ ಸಮಿತಿಯ ಮುಂದೆ ಗಿರಣಿಯ ಒಡೆಯರು ಸಾಲುಗಟ್ಟಿ ನಿಂತು, ಚಿಕ್ಕ ಮಕ್ಕಳಿಗೆ ದುಡಿಮೆ ಆರೋಗ್ಯಕರವೆಂದೂ ಬಿಡುವು ಸಿಕ್ಕರೆ ಕೆಡುವರೆಂದೂ ಸಾಕ್ಷಿ ನುಡಿದರು. ನಾಲ್ಕು ವರ್ಷ ಎಳೆದಾಡಿ 1819ರಲ್ಲಿ ಕಾಯಿದೆಯಾದುದೇನೋ ನಿಜ. ವಯಸ್ಸು ಒಂಬತ್ತಕ್ಕಿಳಿದಿತ್ತು, ಗಂಟೆಗಳು ಹನ್ನೆರಡಕ್ಕೇರಿದ್ದವು, ಹತ್ತಿಗಿರಣಿಗಳಿಗೆ ಮಾತ್ರ ಅನ್ವಯಿಸುತ್ತಿತ್ತು, ತನಿಖೆಗಾರರಂತೂ ಇರಲಿಲ್ಲ. ಅವರು ನೇಮಕವಾದುದು 1833ರ ಕಾಯಿದೆಯಿಂದ. ಓವೆನ್ ಆ ಹೊತ್ತಿಗೆ ಬೇಸತ್ತು ಬೇರೆ ದಾರಿಯನ್ನು ಹಿಡಿದಿದ್ದನು.

1817ರ ಆಗಸ್ಟಿನಲ್ಲಿ ಲಂಡನ್ನಿನ ದೊಡ್ಡ ಸಭೆಯೊಂದರಲ್ಲಿ, ಮನುಷ್ಯರ ನಡುವಣ ಭೇದಗಳಿಗೆ ಜಗತ್ತಿನ ಮತಗಳೆಲ್ಲವೂ ಕಾರಣವೆಂದು ಅವನು ಬಹಿರಂಗವಾಗಿ ಘೋಷಿಸಿದನು. ಅಲ್ಲಿಯವರೆಗೆ ಅವನನ್ನು ಆದರಿಸುತ್ತಿದ್ದ ಶ್ರೀಮಂತರೂ ಪಾದ್ರಿಗಳೂ ಅಂದಿನಿಂದ ಹಿಂದೆಸರಿದರು. ಮನಸ್ಸಿನಲ್ಲಿದ್ದುದನ್ನು ನಷ್ಟಕ್ಕೆ ಅಂಜದೆ ಆಡಿದ ಧೈರ್ಯವನ್ನು ಮೆಚ್ಚಬೇಕು. ಆದರೆ ಮತಗಳಲ್ಲಿ ಅವನು ಜಗಳವನ್ನು ಮಾತ್ರ ಕಂಡನು. ಅನಾಥ ಮಕ್ಕಳಿಗೆ ಅನ್ನವಿಕ್ಕಿದ ಅವನ ಮಾವನ ಕೈಯನ್ನು ನಡೆಸಿದುದೂ ಮತವೇ ಎಂಬುದನ್ನು ಕಾಣದೆಹೋದನು. ಮನೆಯಲ್ಲಿ ಕ್ಯಾರೊಲೈನಳು ತಂದೆಯ ಶ್ರದ್ಧೆಯನ್ನು ಕೊನೆಯವರೆಗೂ ಬಿಡಲಿಲ್ಲ. ಗಂಡನ ಹೆಸರು ಪ್ರವಚನಪೀಠಗಳಲ್ಲಿ ನಿಂದೆಗೆ ಗುರಿಯಾದಾಗ ಅವಳು ಪಟ್ಟ ದುಃಖ ಕಡಿಮೆಯದಲ್ಲ. ನ್ಯೂ ಲ್ಯಾನಾರ್ಕಿನಲ್ಲಿಯೂ ಆಲೆನ್ ಮೊದಲಾದ ಪಾಲುದಾರರು ಶಾಲೆಯಲ್ಲಿ ಕುಣಿತ ಹಾಡುಗಳನ್ನು ಕಡಿಮೆಮಾಡಿ ಧರ್ಮಗ್ರಂಥದ ಪಾಠವನ್ನು ಹೆಚ್ಚಿಸಬೇಕೆಂದು ಪಟ್ಟುಹಿಡಿದು 1824ರಲ್ಲಿ ಅದನ್ನು ಸಾಧಿಸಿಕೊಂಡರು.

ಓವೆನ್ನನ ಕಣ್ಣು ಅಷ್ಟರಲ್ಲಿ ಸಮುದ್ರದಾಚೆಗೆ ಹೊರಳಿತ್ತು. ಐನೂರರಿಂದ ಒಂದೂವರೆ ಸಾವಿರ ಜನ ಒಂದೆಡೆ ಕೂಡಿ ದುಡಿದು, ಕೂಡಿ ಉಂಡು, ಮಕ್ಕಳನ್ನು ಕೂಡಿ ಸಾಕುವ ಸಹಜೀವನದ ಗ್ರಾಮಗಳನ್ನು ಕಟ್ಟಬೇಕೆಂಬುದು ಅವನ ಯೋಜನೆ. ಅಮೆರಿಕದ ಇಂಡಿಯಾನ ಪ್ರಾಂತದಲ್ಲಿ ವಾಬಾಶ್ ನದಿಯ ತೀರದ ಹಾರ್ಮನಿ ಎಂಬ ಊರು ಮಾರಾಟಕ್ಕಿದೆಯೆಂಬ ಸುದ್ದಿ ಬಂತು. ಅದನ್ನು ಕಟ್ಟಿದವರು ಜರ್ಮನಿಯ ವುರ್ಟೆಂಬರ್ಗ್ ಸೀಮೆಯಿಂದ ಜಾರ್ಜ್ ರಾಪ್ ಎಂಬ ಧರ್ಮಗುರುವಿನೊಡನೆ ವಲಸೆ ಬಂದ ಭಕ್ತರು. 1814ರಿಂದ ಹತ್ತು ವರ್ಷಗಳಲ್ಲಿ ಕಾಡು ಕಡಿದು ಹೊಲ, ದ್ರಾಕ್ಷಿತೋಟ, ಗಿರಣಿ, ಇಟ್ಟಿಗೆಯ ಮನೆಗಳನ್ನು ಮಾಡಿದ್ದರು. ಬ್ರಹ್ಮಚರ್ಯವೂ ಕಾಯಕವೂ ಅವರ ವ್ರತ. ಒಬ್ಬರದೆಂಬ ಆಸ್ತಿ ಅವರಲ್ಲಿರಲಿಲ್ಲ. ಅವರು ಪೆನ್ಸಿಲ್ವೇನಿಯದ ಕಡೆಗೆ ಮರಳಿ ಹೊರಟಾಗ 1825ರ ಜನವರಿಯಲ್ಲಿ ಓವೆನ್ ಸುಮಾರು ಇಪ್ಪತ್ತು ಸಾವಿರ ಎಕರೆ ನೆಲದೊಡನೆ ಇಡೀ ಊರನ್ನು ಕೊಂಡು ನ್ಯೂ ಹಾರ್ಮನಿಯೆಂದು ಕರೆದನು. ವಾಷಿಂಗ್ಟನ್ನಿನ ಪ್ರತಿನಿಧಿಸಭೆಯ ಮಂದಿರದಲ್ಲಿ ಅವನ ಎರಡು ಭಾಷಣಗಳು ನಡೆದವು. ದೇಶದ ಅಧ್ಯಕ್ಷರೇ ಕುಳಿತು ಕೇಳಿದರು. ಬಯಸಿದವರೆಲ್ಲ ಬರಬಹುದೆಂದು ಸಾರಿದನು.

ಬಂದರು. ಕೆಲವೇ ತಿಂಗಳಲ್ಲಿ ಎಂಟುನೂರಕ್ಕೂ ಮಿಕ್ಕಿ ಜನ ಊರನ್ನು ತುಂಬಿದರು. ಆದರ್ಶವಾದಿಗಳಿದ್ದರು, ವಿದ್ವಾಂಸರಿದ್ದರು, ಸೋಮಾರಿಗಳೂ ಇದ್ದರು. ಉಳಬಲ್ಲವರು, ಮಡಕೆ ಮಾಡಬಲ್ಲವರು, ಬಣ್ಣ ಹಾಕಬಲ್ಲವರು ಮಾತ್ರ ಸಾಲದಾದರು. 1826ರ ಜನವರಿಯಲ್ಲಿ ಭೂವಿಜ್ಞಾನಿ ವಿಲಿಯಂ ಮೆಕ್ಲೂರ್, ಜೀವವಿಜ್ಞಾನಿ ಥಾಮಸ್ ಸೇ ಮೊದಲಾದ ಘನವಿದ್ವಾಂಸರೂ ಶಿಕ್ಷಕರೂ ದೋಣಿಯಲ್ಲಿ ಬಂದಿಳಿದರು. ಅದಕ್ಕೆ ಜ್ಞಾನದ ದೋಣಿಯೆಂದೇ ಹೆಸರಾಯಿತು. ಆದರೆ ಜ್ಞಾನವು ಹೊಲವನ್ನು ಉಳಲಿಲ್ಲ. ಸಂವಿಧಾನಗಳನ್ನು ಒಂದರ ಮೇಲೊಂದು ಬರೆದರು. ಊರು ಒಡೆದು ಚಿಕ್ಕ ಚಿಕ್ಕ ಗುಂಪುಗಳಾಯಿತು. ಸ್ಥಾಪಕನಾದ ಓವೆನ್ನನೋ ಮೊದಲ ವರ್ಷದ ಬಹುಭಾಗವನ್ನು ಪ್ರಯಾಣದಲ್ಲಿಯೂ ಭಾಷಣದಲ್ಲಿಯೂ ಕಳೆದನು. ಎಲ್ಲರೂ ಸಮಾನರೆಂದು ಸಾರಿದ ಆ ಊರಿನ ಮೊದಲ ನಿಬಂಧನೆಯಲ್ಲಿ ಕರಿಯರಿಗೆ ಸದಸ್ಯತ್ವವಿಲ್ಲವೆಂದು ಬರೆದಿತ್ತು. 1827ರ ಹೊತ್ತಿಗೆ ಎಲ್ಲವೂ ಮುಗಿಯಿತು. ಓವೆನ್ನನ ಸಂಪತ್ತಿನ ಐದರಲ್ಲಿ ನಾಲ್ಕು ಪಾಲು ಅಲ್ಲಿಯೇ ಕರಗಿತ್ತು. ಅದೇ ನೆಲ, ಅದೇ ಮನೆಗಳು, ಅದೇ ನದಿ. ರಾಪನ ಭಕ್ತರಿಗೆ ಒಲಿದುದು ಓವೆನ್ನನ ಅನುಯಾಯಿಗಳಿಗೆ ಒಲಿಯಲಿಲ್ಲ. ಆ ಭಕ್ತರು ಒಂದು ಭಾಷೆಯವರು, ಒಂದು ವ್ರತದವರು, ಮಣ್ಣು ಮೆತ್ತಿದ ಕೈಯವರು. ಇವರನ್ನು ಕೂಡಿಸಿದುದು ಒಂದು ಪ್ರಕಟಣೆ. ನ್ಯೂ ಲ್ಯಾನಾರ್ಕಿನಲ್ಲಿಯಾದರೂ ಚದುರಿದ ಜನರನ್ನು ಒಂದು ಊರನ್ನಾಗಿ ಮಾಡಲು ಓವೆನ್ನನಿಗೆ ಇಪ್ಪತ್ತು ವರ್ಷ ಹಿಡಿದಿತ್ತು, ಪ್ರತಿದಿನವೂ ಅವನು ಅವರ ನಡುವೆ ನಡೆದಾಡಿದ್ದನು.

ಶಿಶುಶಾಲೆಯ ಬೀಜ ಮಾತ್ರ ಅಲ್ಲಿಯೂ ಸಾಯಲಿಲ್ಲ. ಓವೆನ್ನನ ಗಂಡುಮಕ್ಕಳು ಅಲ್ಲಿಯೇ ನೆಲೆಸಿ ಅಮೆರಿಕನ್ನರಾದರು. ಹಿರಿಯನಾದ ರಾಬರ್ಟ್ ಡೇಲ್ ಓವೆನ್ ಅಲ್ಲಿಯ ಸಂಸತ್ತಿನ ಸದಸ್ಯನಾಗಿ ಸ್ಮಿತ್ಸೋನಿಯನ್ ಸಂಸ್ಥೆಯ ಸ್ಥಾಪನೆಗೆ ದುಡಿದನು. ಡೇವಿಡ್ ಡೇಲ್ ಓವೆನ್ ಹೆಸರಾಂತ ಭೂವಿಜ್ಞಾನಿಯಾದನು.

1828ರಲ್ಲಿ ಓವೆನ್ ನ್ಯೂ ಲ್ಯಾನಾರ್ಕಿನ ಸಂಬಂಧವನ್ನು ಪೂರ್ತಿಯಾಗಿ ಕಡಿದುಕೊಂಡನು. ಕ್ಯಾರೊಲೈನಳು 1831ರಲ್ಲಿ, ಬಹುಕಾಲ ದೂರದೂರವೇ ಇದ್ದ ಗಂಡನ ಸಾಮೀಪ್ಯವಿಲ್ಲದೆ, ಸ್ಕಾಟ್ಲೆಂಡಿನಲ್ಲಿಯೇ ತೀರಿಕೊಂಡಳು. ಲಂಡನ್ನಿನಲ್ಲಿ ಅವನು ಕೂಲಿಕಾರರ ಮುಖಂಡನಾಗಿದ್ದನು. 1832ರಲ್ಲಿ ತೆರೆದ ವಿನಿಮಯ ಭಂಡಾರದಲ್ಲಿ ಚಮ್ಮಾರನು ತನ್ನ ಜೋಡನ್ನು ತಂದುಕೊಟ್ಟು, ಅದಕ್ಕೆ ತಗುಲಿದ ಗಂಟೆಗಳ ಲೆಕ್ಕದ ಚೀಟಿಯನ್ನು ಪಡೆದು, ಅದರಿಂದ ದರ್ಜಿಯ ಅಂಗಿಯನ್ನು ಒಯ್ಯಬಹುದಾಗಿತ್ತು. ಅದು 1834ರ ಹೊತ್ತಿಗೆ ಮುಚ್ಚಿತು. ಅದೇ 1834ರಲ್ಲಿ ದೇಶದ ಕಸಬುದಾರರನ್ನೆಲ್ಲ ಒಂದುಗೂಡಿಸುವ ಮಹಾಸಂಘವೂ ಹುಟ್ಟಿ ಅದೇ ವರ್ಷ ಮುರಿಯಿತು. ಆ ವರ್ಷಗಳಲ್ಲಿ ಲಂಡನ್ನಿನಲ್ಲಿದ್ದ ನಮ್ಮ ರಾಜಾ ರಾಮಮೋಹನ ರಾಯರೂ ಓವೆನ್ನನೂ ಕಲೆತು ಚರ್ಚಿಸಿದುದುಂಟು. ಬಡವರ ಹಿತದಲ್ಲಿ ಇಬ್ಬರ ಮನಸ್ಸೂ ಒಂದೇ. ಧರ್ಮದ ವಿಷಯದಲ್ಲಿ ಮಾತ್ರ ರಾಯರು ಅವನನ್ನು ಒಪ್ಪಲಿಲ್ಲ.

ಓವೆನ್ನನ ಕೈಯಲ್ಲಿ ನಿಲ್ಲದುದು ಅವನ ಮಾತು ಕೇಳಿದ ಬಡವರ ಕೈಯಲ್ಲಿ ನಿಂತಿತು. 1844ರ ಡಿಸೆಂಬರ್ 21ರಂದು ಮ್ಯಾಂಚೆಸ್ಟರಿನ ಬಳಿಯ ರೋಚ್‌ಡೇಲ್ ಎಂಬ ಗಿರಣಿಯೂರಿನಲ್ಲಿ ಇಪ್ಪತ್ತೆಂಟು ಜನ ಸೇರಿ ಚಿಕ್ಕ ಅಂಗಡಿಯೊಂದನ್ನು ತೆರೆದರು. ಸ್ವಲ್ಪ ಹಿಟ್ಟು, ಬೆಣ್ಣೆ, ಸಕ್ಕರೆ, ಮೇಣದ ಬತ್ತಿ, ಇಷ್ಟೇ ಅಂದಿನ ಸರಕು. ಅವರಲ್ಲಿ ಕೆಲವರು ಓವೆನ್ನನ ಶಿಷ್ಯರು. ಆದರೆ ಯಜಮಾನನ ಔದಾರ್ಯದ ಅಂಗಡಿಯಲ್ಲ ಅದು. ತಮ್ಮ ಪೆನ್ನಿಗಳನ್ನು ತಾವೇ ಕೂಡಿಟ್ಟು, ಒಬ್ಬರಿಗೆ ಒಂದು ಮತದಂತೆ ತಾವೇ ಆಳಿಕೊಂಡು, ಕೊಂಡಷ್ಟಕ್ಕೆ ತಕ್ಕಂತೆ ಲಾಭವನ್ನು ಹಂಚಿಕೊಂಡ ಅಂಗಡಿ. ಜಗತ್ತಿನ ಬಳಕೆದಾರರ ಸಹಕಾರ ಸಂಘಗಳು ಅದರ ನಿಯಮಗಳನ್ನು ಅನುಸರಿಸಿ ಬೆಳೆದವು. ಗದಗಿನ ಬಳಿಯ ಕಣಗಿನಹಾಳದಲ್ಲಿ 1905ರ ವರ್ಷ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಹುಟ್ಟಿಸಿದ ಪತ್ತಿನ ಸಂಘ ಜರ್ಮನಿಯ ರೈಫೈಸೆನ್ನನ ಮಾದರಿಗೆ ಹೆಚ್ಚು ಹತ್ತಿರವಾದುದು. ಆದರೂ ಸಹಕಾರವೆಂಬ ಮಾತಿನ ವಂಶಾವಳಿಯನ್ನು ಬರೆಯಹೊರಟವರು ಕ್ಲೈಡ್ ದಂಡೆಯ ಆ ಅಂಗಡಿಯನ್ನು ಹಾದೇ ಬರಬೇಕು.

ಮುಪ್ಪಿನಲ್ಲಿ ಓವೆನ್ ಪ್ರೇತಾತ್ಮಗಳೊಡನೆ ಸಂಭಾಷಿಸುವವರ ಮಾತಿಗೆ ಮರುಳಾದನು. ಅವನ ಅಭಿಮಾನಿಗಳಿಗೆ ಅದು ನಾಚಿಕೆಯ ವಿಷಯವಾಯಿತು. ಮಕ್ಕಳು ಅಮೆರಿಕದಿಂದ ಕಳುಹಿಸುವ ಹಣದಲ್ಲಿ ಸರಳವಾಗಿ ಬದುಕುತ್ತ 1857ರಲ್ಲಿ ಆತ್ಮಕಥೆಯನ್ನು ಅಚ್ಚುಹಾಕಿಸಿದನು. ಮರುವರ್ಷದ ಅಕ್ಟೋಬರಿನಲ್ಲಿ ಲಿವರ್‌ಪೂಲಿನಲ್ಲಿ ಸಮಾಜವಿಜ್ಞಾನದ ಮಹಾಸಭೆ ಕೂಡಿದಾಗ, ಏಳಲಾಗದಿದ್ದರೂ ಹಟಹಿಡಿದು ಹೋದನು. ಅವನನ್ನು ಎತ್ತಿಕೊಂಡು ಹೋಗಿ ವೇದಿಕೆಯ ಮೇಲೆ ಕೂರಿಸಬೇಕಾಯಿತು. ನಾಲ್ಕು ಮಾತನಾಡುವಷ್ಟರಲ್ಲಿ ಶಕ್ತಿ ಉಡುಗಿತು. ಸ್ವಲ್ಪ ಚೇತರಿಸಿಕೊಂಡೊಡನೆ, ಹತ್ತು ವರ್ಷದ ಹುಡುಗನಾಗಿ ಬಿಟ್ಟುಬಂದಿದ್ದ ನ್ಯೂಟೌನಿಗೆ ತನ್ನನ್ನು ಕರೆದೊಯ್ಯಬೇಕೆಂದು ಕೇಳಿಕೊಂಡನು. ಹುಟ್ಟಿದ ಮನೆಯ ಹತ್ತಿರದಲ್ಲಿಯೇ ಇದ್ದ ಒಂದು ವಸತಿಗೃಹದಲ್ಲಿ 1858ನೆಯ ನವೆಂಬರ್ 17ರಂದು, ಎಂಬತ್ತೇಳನೆಯ ವಯಸ್ಸಿನಲ್ಲಿ, ಕೊನೆಯುಸಿರೆಳೆದನು. ಸೆವರ್ನ್ ನದಿಯ ಪಕ್ಕದ ಹಳೆಯ ಇಗರ್ಜಿಯ ಅಂಗಳದಲ್ಲಿ ತಾಯ್ತಂದೆಯರ ಸಮಾಧಿಯ ಬಳಿ ಅವನನ್ನು ಹೂಳಿದರು. 1902ರಲ್ಲಿ ಸಹಕಾರಿಗಳು ಅದಕ್ಕೆ ಕಬ್ಬಿಣದ ಕಟಕಟೆಯನ್ನು ಕಟ್ಟಿಸಿದರು.

ನ್ಯೂ ಲ್ಯಾನಾರ್ಕಿನ ಕದಿರುಗಳು 1968ರವರೆಗೂ ತಿರುಗಿದವು. ಗಿರಣಿ ನಿಂತ ಮೇಲೆ ಪಾಳುಬೀಳತೊಡಗಿದ್ದ ಊರನ್ನು ಅಭಿಮಾನಿಗಳು ಉಳಿಸಿಕೊಂಡರು. 2001ರಲ್ಲಿ ಅದು ವಿಶ್ವ ಪರಂಪರೆಯ ತಾಣಗಳ ಪಟ್ಟಿಯನ್ನು ಸೇರಿತು. ಹಳೆಯ ಗಿರಣಿಯ ಕಟ್ಟಡಗಳ ಜೊತೆಗೆ ಮಕ್ಕಳು ಹಾಡಿ ಕುಣಿದ ಶಾಲೆಯ ಕಟ್ಟಡವೂ ಇಂದಿಗೂ ಅಲ್ಲಿ ನಿಂತಿದೆ.